ಹಲ್ಲು ನೋಡಿ, ಗೊರಸು ನೋಡಿ

ಸಾಹಸಯಾನದ ಮೋಟಾರ್ ಸೈಕಲ್ ಕೊಳ್ಳುವ ಮನೆಯವರಿಗೆ ಕೆಲವು ಮಾತು

ಎತ್ತು ಕೊಳ್ಳಲು ದನಗಳ ಪೇಟೆಗೆ ಹೋದ ಅನುಭವಸ್ಥ ರೈತನು ಮೊದಲು ಕೊಂಬಿನ ಅಂದವನ್ನು ನೋಡುವುದಿಲ್ಲ, ಮೈಬಣ್ಣಕ್ಕೆ ಮರುಳಾಗುವುದಿಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯ್ಗೂಡಿದುದೋ ಎಂಬುದನ್ನು ತಿಳಿದ ಮೇಲೆ ಬಾಗಿ ಗೊರಸನ್ನು ಪರೀಕ್ಷಿಸುತ್ತಾನೆ. ತನಗೆ ಬೇಕಾದುದು ಹೊಲದ ಎತ್ತೋ ಬಂಡಿಯ ಎತ್ತೋ ಎಂಬುದನ್ನು ಮನೆಯಲ್ಲಿಯೇ ನಿಶ್ಚಯಿಸಿಕೊಂಡು ಬಂದಿರುತ್ತಾನೆ. ಗಟ್ಟಿ ರಸ್ತೆಯಲ್ಲಿ ಬಂಡಿ ಎಳೆಯುವ ಎತ್ತಿಗೆ ಲಾಳ ಬೇಕು. ಮೆತ್ತನೆಯ ಹೊಲದಲ್ಲಿ ಉಳುವ ಎತ್ತಿಗೆ ಅದು ಬೇಡ. ಇಷ್ಟು ವಿವೇಕವು ಬಯಲುಸೀಮೆಯ ಮನೆಮನೆಯಲ್ಲಿಯೂ ಇದ್ದಿತು.

ಈಗ ದಾವಣಗೆರೆಯ ಮಧ್ಯಮ ವರ್ಗದ ಮನೆಗಳಲ್ಲಿ ಎತ್ತಿನ ಮಾತಿಲ್ಲ. ಮೋಟಾರ್ ಸೈಕಲ್ಲಿನ ಮಾತುಂಟು. ಅದೂ ಸಾಧಾರಣವಾದುದಲ್ಲ. ಎತ್ತರವಾಗಿ ನಿಂತ, ಉದ್ದ ಕಾಲಿನ, ಮುಂದೆ ದೊಡ್ಡ ಚಕ್ರವನ್ನೂ ಮೇಲಕ್ಕೆತ್ತಿದ ಕೆಸರುತಡೆಯನ್ನೂ ಉಳ್ಳ ಸಾಹಸಯಾನದ ಮೋಟಾರ್ ಸೈಕಲ್! ಡಾಂಬರು ಮುಗಿದ ಮೇಲೆಯೂ ಮುಂದುವರಿಯಬಲ್ಲದೆಂಬುದೇ ಅದರ ಹೆಗ್ಗಳಿಕೆ. ೨೦೧೬ರಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿಯ ಹಿಮಾಲಯನ್ ಬಂದಿತು. ೨೦೧೯ರಲ್ಲಿ ಹೀರೊ ಕಂಪನಿಯ ಎಕ್ಸ್‌ಪಲ್ಸ್ ೨೦೦. ೨೦೨೦ರಲ್ಲಿ ಕೆಟಿಎಂ ೩೯೦ ಅಡ್ವೆಂಚರ್. ೨೦೨೨ರಲ್ಲಿ ಸುಜುಕಿಯ ವಿ-ಸ್ಟ್ರಾಮ್ ಎಸ್‌ಎಕ್ಸ್. ೨೦೨೩ರ ಕೊನೆಯಲ್ಲಿ ೪೫೨ ಸಿ.ಸಿ.ಯ ಹೊಸ ಹಿಮಾಲಯನ್. ಮಗನು ಚಿತ್ರಗಳನ್ನು ತೋರಿಸುತ್ತಾನೆ. ತಾಯಿ ಅದರ ಎತ್ತರ ಕಂಡು ಅಂಜುತ್ತಾಳೆ. ತಂದೆ ಬ್ಯಾಂಕಿನ ಕಂತನ್ನು ಲೆಕ್ಕ ಹಾಕುತ್ತಾನೆ. ಬಣ್ಣ, ಪೆಟ್ಟಿಗೆ, ದೀಪಗಳ ಚರ್ಚೆ ವಾರಗಟ್ಟಲೆ ನಡೆಯುತ್ತದೆ. ಹಲ್ಲು ಎಷ್ಟು, ಗೊರಸು ಎಂತಹದು ಎಂದು ಮಾತ್ರ ಕೇಳುವವರು ವಿರಳ.

ಮೋಟಾರ್ ಸೈಕಲ್ಲಿಗೂ ಹಲ್ಲುಂಟು. ಸರಪಳಿಯನ್ನು ಹಿಡಿದು ತಿರುಗುವ ಎರಡು ಹಲ್ಲುಗಾಲಿಗಳಲ್ಲಿ ಅವು ಇವೆ. ಅದಕ್ಕೂ ಗೊರಸುಂಟು, ಅದೇ ಟಯರು. ಎಂಜಿನಿನ ಬಲವೆಷ್ಟೇ ಇರಲಿ, ಅದು ನೆಲವನ್ನು ಮುಟ್ಟುವುದು ಈ ಎರಡರ ಮೂಲಕವೇ. ಇವುಗಳ ಆಯ್ಕೆಯಲ್ಲಿ ತಪ್ಪಿದವನು ವರ್ಷಗಟ್ಟಲೆ ಕಂತು ಕಟ್ಟಿಯೂ ಸುಖ ಕಾಣಲಾರನು; ಮಳೆಗಾಲದ ಹೆದ್ದಾರಿಯಲ್ಲಿ ಒಮ್ಮೊಮ್ಮೆ ಸುಖಕ್ಕಿಂತ ದೊಡ್ಡದನ್ನೇ ಪಣಕ್ಕೊಡ್ಡಿದಂತಾಗುವುದು.

ಹಲ್ಲಿನ ಲೆಕ್ಕ

ಗೇರು ಪೆಟ್ಟಿಗೆಯಿಂದ ಹೊರಬಂದ ದಂಡಕ್ಕೆ ಸಿಕ್ಕಿಸಿದ ಚಿಕ್ಕ ಹಲ್ಲುಗಾಲಿ ಒಂದು. ಹಿಂದಿನ ಚಕ್ರಕ್ಕೆ ಬಿಗಿದ ದೊಡ್ಡ ಹಲ್ಲುಗಾಲಿ ಇನ್ನೊಂದು. ಯಂತ್ರಗಾರರು ಇವನ್ನು ಸ್ಪ್ರಾಕೆಟ್ ಎಂದು ಕರೆಯುವರು. ಮುಂದಿನದಕ್ಕೆ ೧೫ ಹಲ್ಲು, ಹಿಂದಿನದಕ್ಕೆ ೪೫ ಹಲ್ಲು ಎಂದು ಭಾವಿಸೋಣ. ಮುಂದಿನದು ಮೂರು ಸುತ್ತು ತಿರುಗಿದಾಗ ಚಕ್ರವು ಒಂದು ಸುತ್ತು ತಿರುಗುವುದು. ವೇಗ ಮೂರರಲ್ಲಿ ಒಂದಾಯಿತು. ತಿರುಚುವ ಬಲ ಮೂರು ಪಟ್ಟಾಯಿತು. ವೇಗವನ್ನು ಕೊಟ್ಟು ಬಲವನ್ನು ಕೊಳ್ಳುವ ವ್ಯಾಪಾರವಿದು. ಇಲ್ಲಿ ಯಾವುದೂ ಧರ್ಮಕ್ಕೆ ದೊರೆಯುವುದಿಲ್ಲ.

ಮುಂದಿನ ೧೫ ಹಲ್ಲಿನ ಗಾಲಿಯನ್ನು ತೆಗೆದು ೧೪ರದನ್ನು ಹಾಕಿದರೆ ಅನುಪಾತವು ೩ರಿಂದ ೩.೨೧ಕ್ಕೆ ಏರುವುದು. ಒಂದೇ ಹಲ್ಲು ಕಡಮೆಯಾಯಿತು. ಆದರೆ ನೂರಕ್ಕೆ ಏಳರಷ್ಟು ವ್ಯತ್ಯಾಸವಾಯಿತು. ಹಿಂದಿನ ಗಾಲಿಯಿಂದಲೇ ಇದೇ ಫಲವನ್ನು ಪಡೆಯಬೇಕಾದರೆ ಮೂರು ಹಲ್ಲು ಹೆಚ್ಚಿಸಿ ೪೮ ಮಾಡಬೇಕು. ಮುಂದಿನ ಒಂದು ಹಲ್ಲು ಹಿಂದಿನ ಮೂರಕ್ಕೆ ಸಮ ಎಂಬ ಈ ಸೂತ್ರವನ್ನು ಕೊಳ್ಳುವವರು ನೆನಪಿನಲ್ಲಿಡಬೇಕು.

ಈ ಬದಲಾವಣೆಯಿಂದ ದೊರೆಯುವುದೇನು? ಕಲ್ಲುಹಾದಿಯ ಏರಿನಲ್ಲಿ ಮೊದಲನೆಯ ಗೇರಿನಲ್ಲಿ ನಿಧಾನವಾಗಿ, ಕ್ಲಚ್ಚನ್ನು ಪದೇ ಪದೇ ಹಿಡಿಯದೆ ಹತ್ತಬಹುದು. ಹಿಂದೆ ಒಬ್ಬರು ಕುಳಿತು, ಎರಡು ಕಡೆ ಪೆಟ್ಟಿಗೆಗಳನ್ನು ಕಟ್ಟಿದ್ದರೂ ಬಂಡಿಯು ಮುಗ್ಗರಿಸದು. ಕಳೆದುಕೊಳ್ಳುವುದೇನು? ಮೊದಲು ಗಂಟೆಗೆ ೮೦ ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ ೫,೦೦೦ ಸುತ್ತು ತಿರುಗುತ್ತಿದ್ದ ಎಂಜಿನ್ ಈಗ ಅದೇ ವೇಗಕ್ಕೆ ಸುಮಾರು ೫,೩೫೦ ಸುತ್ತು ತಿರುಗಬೇಕು. ಹೆದ್ದಾರಿಯಲ್ಲಿ ಸದ್ದು, ನಡುಕ, ಪೆಟ್ರೋಲಿನ ಖರ್ಚು ಇವೆಲ್ಲವೂ ಅಷ್ಟಷ್ಟು ಹೆಚ್ಚುವುವು. ಮುಂದಿನ ಗಾಲಿ ಚಿಕ್ಕದಾದಷ್ಟೂ ಸರಪಳಿಯು ಹೆಚ್ಚು ಬಾಗಬೇಕಾಗುವುದರಿಂದ ಅದರ ಸವೆತವೂ ಹೆಚ್ಚು. ವೇಗವನ್ನು ಗೇರು ಪೆಟ್ಟಿಗೆಯ ಕಡೆಯಿಂದ ಅಳೆಯುವ ವಾಹನಗಳಲ್ಲಿ ಮಾಪಕವು ತಪ್ಪು ಲೆಕ್ಕವನ್ನೂ ತೋರಿಸೀತು.

ಹಲ್ಲು ಬದಲಿಸಿ ಕೆಲಸ ಬದಲಿಸುವ ಈ ವಿದ್ಯೆ ಹರಿಹರಕ್ಕೆ ಹೊಸದಲ್ಲ. ೧೯೪೧ರಲ್ಲಿ ಅಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇಥ್ ಯಂತ್ರಗಳನ್ನು ತಯಾರಿಸಿ ದೇಶದಲ್ಲೆಲ್ಲ ಹೆಸರು ಪಡೆದಿತ್ತು. ಅದರಿಂದಲೇ ಅಲ್ಲಿನ ಬಡಾವಣೆಗೆ ಯಂತ್ರಾಪುರವೆಂಬ ಹೆಸರು ನಿಂತಿತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಕಾರ್ಖಾನೆ ಮುಚ್ಚಿತಾದರೂ ಅಲ್ಲಿ ಪಳಗಿದ ಕೈಗಳ ತಿಳಿವಳಿಕೆ ಊರಿನಿಂದ ಮಾಯವಾಗಲಿಲ್ಲ. ಲೇಥಿನ ಮುಂದೆ ನಿಂತವನು ಮೊದಲು ಕಲಿಯುವ ಪಾಠಗಳಲ್ಲಿ ಹಲ್ಲುಗಾಲಿಗಳ ಆಯ್ಕೆಯೂ ಒಂದು. ಇಂಚಿನ ಅಳತೆಯ ತಿರುಪು ದಂಡವುಳ್ಳ ಯಂತ್ರದಲ್ಲಿ ಮಿಲಿಮೀಟರಿನ ಅಳತೆಯ ಮರೆಯನ್ನು ಕರಾರುವಾಕ್ಕಾಗಿ ಕೊರೆಯಬೇಕಾದರೆ ೧೨೭ ಹಲ್ಲಿನ ಗಾಲಿಯನ್ನು ಹಾಕುತ್ತಾರೆ. ಒಂದು ಇಂಚಿಗೆ ೨೫.೪ ಮಿಲಿಮೀಟರು; ಅದರ ಐದರಷ್ಟು ೧೨೭. ಕೆಲಸ ಯಾವುದು ಎಂದು ತಿಳಿದ ಮೇಲೆಯೇ ಹಲ್ಲು ಎಷ್ಟು ಎಂದು ಕೇಳಬೇಕು ಎಂಬುದು ಲೇಥಿನವನ ಧರ್ಮ. ಮೋಟಾರ್ ಸೈಕಲ್ ಕೊಳ್ಳುವವನ ಧರ್ಮವೂ ಅದೇ.

ಹಿಂದಿನ ಕಾಲದ ಇಂಗ್ಲೆಂಡಿನ ತಯಾರಕರೂ ಇದನ್ನು ಬಲ್ಲವರಾಗಿದ್ದರು. ಪಕ್ಕದ ತೊಟ್ಟಿಲು ಕಟ್ಟಿಕೊಂಡು ಸಂಸಾರ ಸಮೇತ ಹೋಗುವವರಿಗೆ ಒಂದು ಹಲ್ಲುಗಾಲಿ, ಒಂಟಿಯಾಗಿ ಹೋಗುವವರಿಗೆ ಇನ್ನೊಂದು ಎಂದು ಅವರು ಮೊದಲೇ ಗೊತ್ತುಪಡಿಸಿ ಕೊಡುತ್ತಿದ್ದರು. ಇಂದು ಈ ದೇಶದ ಮಳಿಗೆಗಳಲ್ಲಿ ಸಾಮಾನ್ಯವಾಗಿ ಅಂತಹ ಪ್ರಶ್ನೆಯನ್ನು ಕೇಳುವುದಿಲ್ಲ. ಆದುದರಿಂದ ಕೊಳ್ಳುವವನು ಎಂಜಿನಿನ ಸ್ವಭಾವವನ್ನು ನೋಡಿಯೇ ವಾಹನವನ್ನು ಆರಿಸಬೇಕು. ಹಳೆಯ ೪೧೧ ಸಿ.ಸಿ. ಹಿಮಾಲಯನ್ನಿಗೆ ಐದು ಗೇರುಗಳು. ಅದರ ತಿರುಚುಬಲವು ೪,೦೦೦ದಿಂದ ೪,೫೦೦ ಸುತ್ತುಗಳಲ್ಲಿಯೇ ಪರಮಾವಧಿಗೆ ಬರುತ್ತಿತ್ತು. ಹೊಸ ಹಿಮಾಲಯನ್ನಿಗೆ ಆರು ಗೇರುಗಳು. ಬಲ ಹೆಚ್ಚು, ಆದರೆ ತಿರುಚುಬಲದ ಪರಮಾವಧಿ ೫,೫೦೦ ಸುತ್ತುಗಳಲ್ಲಿ. ಮೊದಲನೆಯದು ನಿಧಾನಿ, ಎರಡನೆಯದು ಚುರುಕು, ಆದರೆ ಗೇರನ್ನು ಹೆಚ್ಚು ಬದಲಿಸಬೇಕಾದುದು. ಯಾವುದು ಮೇಲು ಎಂಬುದು ಪ್ರಶ್ನೆಯಲ್ಲ. ಯಾವುದು ಯಾರಿಗೆ ಎಂಬುದು ಪ್ರಶ್ನೆ.

ಗೊರಸಿನ ಆಯ್ಕೆ

ಟಯರಿನ ಗೋಡೆಯ ಮೇಲೆ ಬರೆದಿರುವುದನ್ನು ಓದಬಲ್ಲವನಿಗೆ ಅಂಗಡಿಯವನ ಬಣ್ಣನೆ ಬೇಕಿಲ್ಲ. ೧೪೦/೮೦–೧೭ ಎಂದಿದ್ದರೆ ಅಗಲ ೧೪೦ ಮಿಲಿಮೀಟರು. ಗೋಡೆಯ ಎತ್ತರ ಅಗಲದ ನೂರಕ್ಕೆ ೮೦ರಷ್ಟು, ಅಂದರೆ ೧೧೨ ಮಿಲಿಮೀಟರು. ಚಕ್ರದ ವ್ಯಾಸ ೧೭ ಇಂಚು. ಮುಂದೆ ೬೬ ಪಿ ಎಂದಿದ್ದರೆ ಅದು ೩೦೦ ಕಿಲೋಗ್ರಾಂ ಭಾರವನ್ನೂ ಗಂಟೆಗೆ ೧೫೦ ಕಿಲೋಮೀಟರ್ ವೇಗವನ್ನೂ ತಾಳಬಲ್ಲದು ಎಂದರ್ಥ. ನಾಲ್ಕು ಅಂಕೆಗಳ ಗುಂಪೊಂದು ತಯಾರಾದ ಕಾಲವನ್ನು ಹೇಳುತ್ತದೆ. ೨೨೨೪ ಎಂದರೆ ೨೦೨೪ನೆಯ ಇಸವಿಯ ೨೨ನೆಯ ವಾರ. ಹೊಸ ವಾಹನದಲ್ಲಿ ಹಳೆಯ ಟಯರು ಇದೆಯೇ ಎಂಬುದನ್ನು ಇದರಿಂದಲೇ ಪತ್ತೆಮಾಡಬಹುದು.

ಟಯರೂ ಒಂದು ಬಗೆಯ ಗೇರೇ ಎಂಬುದು ಅನೇಕರಿಗೆ ಹೊಳೆಯುವುದಿಲ್ಲ. ಹಿಂದಿನ ಚಕ್ರಕ್ಕೆ ೧೪೦/೮೦ರ ಬದಲು ೧೩೦/೮೦ ಅಳತೆಯ ಟಯರು ಹಾಕಿದರೆ ಒಟ್ಟು ವ್ಯಾಸವು ೬೫೬ ಮಿಲಿಮೀಟರಿನಿಂದ ೬೪೦ಕ್ಕೆ ಇಳಿಯುವುದು. ಕಿಲೋಮೀಟರಿಗೆ ೪೮೫ ಸುತ್ತು ತಿರುಗುತ್ತಿದ್ದ ಚಕ್ರ ೪೯೭ ಸುತ್ತು ತಿರುಗಬೇಕಾಗುವುದು. ಹಿಂದಿನ ಹಲ್ಲುಗಾಲಿಗೆ ಒಂದು ಹಲ್ಲು ಸೇರಿಸಿದಷ್ಟೇ ಪರಿಣಾಮ! ಹಲ್ಲನ್ನೂ ಟಯರನ್ನೂ ಒಟ್ಟಿಗೆ ಬದಲಿಸುವವರು ಎರಡನ್ನೂ ಕೂಡಿಸಿ ಲೆಕ್ಕ ಹಾಕಬೇಕು.

ಇನ್ನು ಟಯರಿನ ಮೇಲ್ಮೈ. ಒಂದು ಜಾತಿಯದು ಒತ್ತೊತ್ತಾಗಿ, ಸಣ್ಣ ಗೀರುಗಳಿಂದ ಕೂಡಿ, ಡಾಂಬರಿಗೆ ಹೆಚ್ಚು ರಬ್ಬರನ್ನು ತಾಗಿಸುತ್ತದೆ. ಇನ್ನೊಂದು ಜಾತಿಯದು ಹಲಸಿನ ಹಣ್ಣಿನಂತೆ ಗುಬಟುಗುಬಟಾಗಿ ನಡುವೆ ಅಗಲವಾದ ಕಂದರಗಳನ್ನುಳ್ಳದ್ದು. ಸಡಿಲ ಮಣ್ಣನ್ನು ಕಚ್ಚಿ ಹಿಡಿಯುತ್ತದೆ. ಇವೆರಡರ ನಡುವೆ ಅರೆಬರೆಯ ಜಾತಿಗಳು ಅನೇಕ. ರಸ್ತೆಗೆ ಎಂಬತ್ತು ಮಣ್ಣಿಗೆ ಇಪ್ಪತ್ತು, ಎರಡಕ್ಕೂ ಐವತ್ತು ಎಂದು ತಯಾರಕರು ಅಂಕ ಕೊಡುವುದುಂಟು. ಈ ಅಂಕಗಳಿಗೆ ಸರ್ವಸಮ್ಮತವಾದ ಅಳತೆಗೋಲಿಲ್ಲ. ಅವು ಆಯಾ ಕಂಪನಿಯ ಮಾತುಗಳಷ್ಟೆ.

ಹರಿಹರದ ದೇವಾಲಯದಲ್ಲಿ, ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಗುಡಿಯಲ್ಲಿ, ಒಂದೇ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ಅಲ್ಲಿ ಯಾರಿಗೂ ಕೊರತೆಯಿಲ್ಲ, ಇಬ್ಬರೂ ಪರಿಪೂರ್ಣರು. ರಬ್ಬರಿಗೆ ಆ ಭಾಗ್ಯವಿಲ್ಲ. ಐವತ್ತು–ಐವತ್ತರ ಟಯರು ಡಾಂಬರಿನಲ್ಲಿಯೂ ಸ್ವಲ್ಪ ಕಡಮೆ, ಮಣ್ಣಿನಲ್ಲಿಯೂ ಸ್ವಲ್ಪ ಕಡಮೆ. ಗುಬಟು ಹೆಚ್ಚಾದಷ್ಟೂ ನೆಲಕ್ಕೆ ತಾಗುವ ರಬ್ಬರು ಕಡಮೆ. ಮಳೆಯಲ್ಲಿ ನೆನೆದು ನುಣುಪಾದ ಡಾಂಬರಿನ ಮೇಲೂ ಊರೊಳಗಿನ ಸಿಮೆಂಟು ರಸ್ತೆಯ ಮೇಲೂ ಬ್ರೇಕು ಹಿಡಿದಾಗ ನಿಲ್ಲಲು ಹೆಚ್ಚು ದೂರ ಬೇಕು. ಬಿಸಿ ಹೆದ್ದಾರಿಯಲ್ಲಿ ಅವು ಬೇಗ ಸವೆಯುವುದೂ ಉಂಟು.

ಚಕ್ರದ ವ್ಯಾಸದ ವಿಷಯದಲ್ಲಿಯೂ ಇದೇ ನ್ಯಾಯ. ಎಕ್ಸ್‌ಪಲ್ಸ್ ೨೦೦ ಮತ್ತು ಹಿಮಾಲಯನ್‌ಗಳಿಗೆ ಮುಂದೆ ೨೧ ಇಂಚಿನ ಚಕ್ರ. ಅದು ಗುಂಡಿಯನ್ನೂ ಕಲ್ಲನ್ನೂ ಸುಲಭವಾಗಿ ದಾಟಿಹೋಗುವುದು. ವಿ-ಸ್ಟ್ರಾಮ್ ಎಸ್‌ಎಕ್ಸ್‌ಗೆ ೧೯ ಇಂಚು. ಅದು ಡಾಂಬರಿನ ತಿರುವುಗಳಲ್ಲಿ ಚುರುಕಾಗಿ ತಿರುಗುವುದು. ೨೦೨೫ರಲ್ಲಿ ಕೆಟಿಎಂ ಕಂಪನಿಯು ತನ್ನ ೩೯೦ ಅಡ್ವೆಂಚರನ್ನು ೨೧ ಇಂಚಿನ ಕಡ್ಡಿಚಕ್ರದೊಡನೆಯೂ, ಎಕ್ಸ್ ಎಂಬ ಮಾದರಿಯನ್ನು ೧೯ ಇಂಚಿನ ಎರಕದ ಚಕ್ರದೊಡನೆಯೂ ತಂದು, ಆಯ್ಕೆಯನ್ನು ಕೊಳ್ಳುವವನಿಗೇ ಬಿಟ್ಟಿತು.

ಕೊಳವೆ ಇರುವ ಟಯರೋ ಇಲ್ಲದ ಟಯರೋ ಎಂಬುದು ಇನ್ನೊಂದು ಪ್ರಶ್ನೆ. ಕೊಳವೆಯಿಲ್ಲದ ಟಯರಿಗೆ ಮೊಳೆ ಚುಚ್ಚಿದರೆ ಚಕ್ರ ಬಿಚ್ಚದೆಯೇ ಬೆಣೆ ತುರುಕಿ, ಗಾಳಿ ತುಂಬಿ, ಹತ್ತು ಹದಿನೈದು ನಿಮಿಷದಲ್ಲಿ ಹೊರಡಬಹುದು. ಕೊಳವೆಯುಳ್ಳದ್ದಾದರೆ ಚಕ್ರವನ್ನೇ ಕಳಚಬೇಕು. ಆದರೆ ಕಲ್ಲಿಗೆ ಬಡಿದು ಚಕ್ರದ ಅಂಚು ಸೊಟ್ಟಗಾದರೆ ಕೊಳವೆಯಿಲ್ಲದ ಟಯರು ಗಾಳಿ ಸೋರಿಸುವುದು. ಕೊಳವೆಯುಳ್ಳದ್ದು ಬಹುಮಟ್ಟಿಗೆ ತಡೆದುಕೊಳ್ಳುವುದು. ಸಂಜೆಯ ಹೊತ್ತು ಊರಿಂದೂರಿಗೆ ಹೆಂಡತಿ ಮಕ್ಕಳೊಡನೆ ಹೋಗುವವನಿಗೆ ಮೊದಲನೆಯದೇ ಕ್ಷೇಮವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊರಿನ ಮಣ್ಣು ಏನನ್ನುತ್ತದೆ?

ದಾವಣಗೆರೆಯ ಸುತ್ತಿನ ನೆಲಕ್ಕೆ ಒಂದೇ ಗುಣವಿಲ್ಲ. ಜಗಳೂರಿನ ಕಡೆಗೆ ಕೆಮ್ಮಣ್ಣು, ಗರಸು, ಕುರುಚಲು ಗುಡ್ಡ. ಒಣಗಿದ ಗರಸಿನ ಮೇಲೆ ನಡುತರದ ಟಯರು ಸಲೀಸಾಗಿ ನಡೆಯುವುದು. ಹರಿಹರ, ಮಲೇಬೆನ್ನೂರಿನ ಕಡೆಗೆ ಭದ್ರಾ ನಾಲೆಯ ನೀರುಣ್ಣುವ ಗದ್ದೆಗಳು. ನಾಲೆಯ ಏರಿಯ ದಾರಿಗಳು. ಅಲ್ಲಲ್ಲಿ ಎರೆಭೂಮಿ.

ಈ ಎರೆಯ ವಿಷಯದಲ್ಲಿ ಸಾಹಸಿಗಳು ಒಂದು ಸತ್ಯವನ್ನು ತಿಳಿದಿರಬೇಕು. ಎರೆಯು ನೀರು ಹೀರಿ ಉಬ್ಬುವ ಜಿಗುಟು ಮಣ್ಣು. ಮಳೆ ಬಿದ್ದಾಗ ಅದು ಗುಬಟಿನ ಕಂದರಗಳನ್ನೆಲ್ಲ ತುಂಬಿ, ಟಯರನ್ನು ನುಣುಪಾದ ಉರುಳೆಯನ್ನಾಗಿ ಮಾಡಿಬಿಡುತ್ತದೆ. ಕೆಸರುತಡೆಯೊಳಗೆ ಸೇರಿ ಚಕ್ರವನ್ನೇ ಹಿಡಿದು ನಿಲ್ಲಿಸುವುದೂ ಉಂಟು. ಹಸಿ ಎರೆಯನ್ನು ಗೆಲ್ಲುವೆನೆಂದು ದುಬಾರಿಯ ಗುಬಟು ಟಯರನ್ನು ಕೊಳ್ಳುವುದು ಹಣವನ್ನು ಕೆಸರಿಗೆ ಹಾಕಿದಂತೆ. ಮಳೆ ನಿಂತು ನೆಲ ಆರುವವರೆಗೆ ಕಾಯುವುದೇ ಅಲ್ಲಿ ಮದ್ದು. ರೈತನು ನೇಗಿಲು ಹೂಡಲು ಹದ ಕಾಯುವುದಿಲ್ಲವೆ?

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡು ಕೊಂಡುಕುರಿಗಳಿಗಾಗಿ ಮೀಸಲಾದ ಅಭಯಾರಣ್ಯವೆಂಬುದನ್ನೂ ಇಲ್ಲಿಯೇ ನೆನೆಯಬೇಕು. ಡಾಂಬರು ಮುಗಿದಲ್ಲೆಲ್ಲ ನುಗ್ಗುವ ಅಧಿಕಾರವನ್ನು ಯಾವ ಟಯರೂ ಕೊಡುವುದಿಲ್ಲ.

ನೂರಕ್ಕೆ ಐದು

ಈಗ ಮನೆಯ ಲೆಕ್ಕಕ್ಕೆ ಬರೋಣ. ದಾವಣಗೆರೆಯಲ್ಲಿ ಮನೆ, ಹರಿಹರದಲ್ಲಿ ಕೆಲಸವಿರುವ ಒಬ್ಬ ತರುಣನನ್ನು ಊಹಿಸಿಕೊಳ್ಳಿರಿ. ನಡುವಣ ದೂರ ಸುಮಾರು ೧೪ ಕಿಲೋಮೀಟರು, ಹೋಗಿಬರಲು ೨೮. ತಿಂಗಳಿಗೆ ೨೫ ದಿನವೆಂದರೆ ೭೦೦. ವರ್ಷಕ್ಕೆ ೮,೪೦೦ ಕಿಲೋಮೀಟರು. ತಿಂಗಳಿಗೊಂದು ಭಾನುವಾರ ಆತನು ಮಣ್ಣಿನ ಹಾದಿಯಲ್ಲಿ ೪೦ ಕಿಲೋಮೀಟರು ಸುತ್ತಿದರೆ ವರ್ಷಕ್ಕೆ ೪೮೦. ಒಟ್ಟು ಓಡಾಟದಲ್ಲಿ ಮಣ್ಣಿನ ಪಾಲು ನೂರಕ್ಕೆ ಐದಕ್ಕಿಂತ ತುಸು ಹೆಚ್ಚು, ಅಷ್ಟೆ!

ಕನಸಿನಲ್ಲಿ ಲಡಾಖಿನ ಕಣಿವೆಯಿರಬಹುದು; ದಿನವೂ ಕಾಣುವುದು ಪಿ.ಬಿ. ರಸ್ತೆ. ಭಾನುವಾರದ ಐದಂಶಕ್ಕಾಗಿ ಗುಬಟು ಟಯರನ್ನೂ ಗಿಡ್ಡ ಗೇರನ್ನೂ ಆರಿಸಿದವನು ಉಳಿದ ತೊಂಬತ್ತೈದು ಅಂಶವನ್ನು ಸದ್ದು, ನಡುಕ, ಜಾರುವ ಭಯಗಳಲ್ಲಿ ಕಳೆಯಬೇಕು. ಆ ತೊಂಬತ್ತೈದರಲ್ಲಿ ಹಿಂದೆ ಕುಳಿತವರೂ ಇರುತ್ತಾರೆ. ಆಷಾಢದ ಜಿಟಿಜಿಟಿ ಮಳೆಯೂ ಇರುತ್ತದೆ. ಹಿಂದಿನಿಂದ ಬರುವ ಲಾರಿಯೂ ಇರುತ್ತದೆ. ಆಪತ್ತು ಕಾಡಿನ ಹಾದಿಯಲ್ಲಿಯೇ ಕಾದಿರುವುದೆಂಬುದು ಭ್ರಮೆ. ಮಣ್ಣಿನ ಹಾದಿಯಲ್ಲಿ ಗಂಟೆಗೆ ೨೦ ಕಿಲೋಮೀಟರ್ ವೇಗದಲ್ಲಿ ಜಾರಿದರೆ ಮೊಣಕಾಲು ತರಚೀತು. ಹೆದ್ದಾರಿಯಲ್ಲಿ ೮೦ರ ವೇಗದಲ್ಲಿ ಜಾರಿದರೆ ಆಗುವುದನ್ನು ಬರೆಯಬೇಕಾಗಿಲ್ಲ.

ಹಾಗಾದರೆ ಗುಬಟು ಟಯರು ಯಾರಿಗೂ ಬೇಡವೆ? ಹಾಗಲ್ಲ. ಜಗಳೂರಿನ ಹಳ್ಳಿಗಳನ್ನು ದಿನವೂ ಸುತ್ತುವ ಪಶುವೈದ್ಯನಿಗೆ, ತೋಟದೊಳಗೆ ಎರಡು ಹೊತ್ತು ಓಡಾಡುವ ಚನ್ನಗಿರಿಯ ಅಡಕೆ ಬೆಳೆಗಾರನಿಗೆ ಲೆಕ್ಕವು ತಲೆಕೆಳಗಾಗುವುದು. ಅವರ ನೂರರಲ್ಲಿ ಅರವತ್ತು ಎಪ್ಪತ್ತು ಮಣ್ಣೇ ಆಗಿರಬಹುದು. ಅವರಿಗೆ ೨೧ ಇಂಚಿನ ಮುಂಚಕ್ರ, ಐವತ್ತು–ಐವತ್ತರ ಟಯರು, ಮುಂದೆ ಒಂದು ಹಲ್ಲು ಕಡಮೆ, ಇವು ವಿಲಾಸವಲ್ಲ, ಅಗತ್ಯ. ವರ್ಷಕ್ಕೊಮ್ಮೆ ಆಗುಂಬೆಯ ೧೪ ತಿರುವುಗಳನ್ನು ಇಳಿಯುವ ಪ್ರವಾಸಿಗೆ ಮಾತ್ರ ಬೇಕಾದುದು ನೆನೆದ ಡಾಂಬರನ್ನು ಬಿಗಿಯಾಗಿ ಹಿಡಿಯುವ ಟಯರು. ಘಟ್ಟವೆಂದ ಮಾತ್ರಕ್ಕೆ ಗುಬಟು ಬೇಕಿಲ್ಲ.

ಕೊಳ್ಳುವ ದಿನ

ಮಳಿಗೆಗೆ ಹೋಗುವ ಮೊದಲು ಒಂದು ತಿಂಗಳು ತಾನು ಓಡಾಡಿದ ದಾರಿಗಳನ್ನು ಚೀಟಿಯಲ್ಲಿ ಬರೆದಿಡುವುದು ಒಳ್ಳೆಯದು. ಡಾಂಬರೆಷ್ಟು, ಮಣ್ಣೆಷ್ಟು, ಒಂಟಿಯಾಗಿ ಎಷ್ಟು, ಜೊತೆಯಲ್ಲಿ ಎಷ್ಟು? ಆ ಚೀಟಿಗಿಂತ ಉತ್ತಮ ಸಲಹೆಗಾರನಿಲ್ಲ.

ಪರೀಕ್ಷೆಗೆಂದು ವಾಹನ ಕೊಟ್ಟಾಗ, ನಿತ್ಯವೂ ಹಿಂದೆ ಕೂರುವವರನ್ನು ಕೂರಿಸಿಕೊಂಡೇ ಹೋಗಬೇಕು. ಮೊದಲನೆಯ ಗೇರಿನಲ್ಲಿ ಕ್ಲಚ್ಚು ಹಿಡಿಯದೆ ನಡಿಗೆಯ ವೇಗದಲ್ಲಿ ಸಾಗಿಸಿ ನೋಡಬೇಕು, ಎಂಜಿನ್ ಕುಕ್ಕುತ್ತದೆಯೆ? ರಾಷ್ಟ್ರೀಯ ಹೆದ್ದಾರಿ ೪೮ರಲ್ಲಿ ಕೊನೆಯ ಗೇರಿನಲ್ಲಿ ೮೦ಕ್ಕೆ ಏರಿಸಿ ಸುತ್ತುಗಳ ಮಾಪಕವನ್ನು ನೋಡಬೇಕು. ವಿಭಜಕವುಳ್ಳ ಚತುಷ್ಪಥ ರಸ್ತೆಯಲ್ಲಿ ಮೋಟಾರ್ ಸೈಕಲ್ಲಿಗೆ ಕೇಂದ್ರ ಸರ್ಕಾರವು ೨೦೧೮ರಲ್ಲಿ ಗೊತ್ತುಪಡಿಸಿದ ಗರಿಷ್ಠ ವೇಗವೂ ಅದೇ. ಕೈಹಿಡಿ ನಡುಗುತ್ತದೆಯೆ? ಈ ಎರಡು ಪ್ರಶ್ನೆಗಳಿಗೂ ಇಲ್ಲವೆಂಬ ಉತ್ತರ ಬಂದರೆ ಹಲ್ಲಿನ ಗೋಜಿಗೆ ಹೋಗಬೇಕಾಗಿಲ್ಲ. ಕಾರ್ಖಾನೆಯವರು ಕೊಟ್ಟುದೇ ಸಾಕು.

ಬದಲಿಸಲೇಬೇಕೆನಿಸಿದರೂ ಆತುರ ಬೇಡ. ಕಾರ್ಖಾನೆಯ ಹಲ್ಲಿನಲ್ಲಿಯೇ ಒಂದು ಮಳೆಗಾಲ, ಒಂದು ಬೇಸಗೆ ಓಡಿಸಿ, ಆಮೇಲೆ ಒಂದೇ ಒಂದು ಹಲ್ಲಿನಿಂದ ಆರಂಭಿಸಬೇಕು. ಅದರಿಂದ ಖಾತರಿಯ ಕರಾರಿಗೆ ಭಂಗ ಬರುವುದೆ ಎಂಬುದನ್ನು ಬರಹದಲ್ಲಿ ಕೇಳಿ ತಿಳಿಯಬೇಕು. ಟಯರಿನ ಅಳತೆಯನ್ನಾಗಲಿ ಭಾರ, ವೇಗಗಳ ದರ್ಜೆಯನ್ನಾಗಲಿ ತಯಾರಕರು ಹೇಳಿದ್ದಕ್ಕಿಂತ ಕೆಳಗಿಳಿಸಬಾರದು. ಬೇಕಾದ ಅಳತೆಯ ಟಯರು ಊರಿನಲ್ಲಿಯೇ ದೊರೆಯುವುದೋ ಬೆಂಗಳೂರಿನಿಂದ ತರಿಸಬೇಕೋ ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಬೇಕು. ಗಾಳಿಯ ಒತ್ತಡವನ್ನು ಪುಸ್ತಕದಲ್ಲಿ ಹೇಳಿದಂತೆ ಇಡಬೇಕು. ಮಣ್ಣಿನ ಹಾದಿಗಾಗಿ ಇಳಿಸಿದರೆ ಡಾಂಬರಿಗೆ ಬಂದೊಡನೆ ಮರಳಿ ತುಂಬಬೇಕು. ಅದಕ್ಕೊಂದು ಕೈಪಂಪು ಚೀಲದಲ್ಲಿದ್ದರೆ ಸಾಕು.

ಟಯರು ಸವೆಯುವ ವಸ್ತು. ಹಲ್ಲುಗಾಲಿಯೂ ಸವೆಯುವ ವಸ್ತು. ಜೀವನ ಬದಲಾದರೆ, ಕೆಲಸ ಹಳ್ಳಿಗೆ ವರ್ಗವಾದರೆ, ಮುಂದಿನ ಜೊತೆಯನ್ನು ಬೇರೆ ಬಗೆಯದಾಗಿ ಆರಿಸಬಹುದು. ಲಡಾಖಿಗೆ ಹೊರಡುವ ಭಾಗ್ಯ ನಿಜವಾಗಿ ಕೂಡಿಬಂದಾಗ ಆ ಪ್ರಯಾಣಕ್ಕೆಂದೇ ಒಂದು ಜೊತೆ ಟಯರು ಕೊಳ್ಳುವುದು ಅಸಾಧ್ಯವೇನಲ್ಲ. ಅಲ್ಲಿಯವರೆಗೆ, ನಾಳೆ ಬೆಳಗ್ಗೆ ಮನೆಯಿಂದ ಹೊರಟು ಸಂಜೆ ಕ್ಷೇಮವಾಗಿ ಮರಳಬೇಕಾದ ದಾರಿ ಯಾವುದೋ, ಆ ದಾರಿಗೆ ತಕ್ಕ ಹಲ್ಲು, ಆ ದಾರಿಗೆ ತಕ್ಕ ಗೊರಸು.